ಹದಿಮೂರು ಕೆಂಪು ಶಿಲುಬೆ

ಕೂತ್ಕಳಿ ಬ್ರದರ್, ಆ ಮುಕ್ಕಾಲಿ ಒಂದು ಕಾಲು ಕುಂಟು,
ಗೋಡೆಗೆ ಒರಗಿಸ್ಕಳಿ.
ಪಾಲಹಳ್ಳಿಗೆ ಈವತ್ತು ಕರೆಂಟು ಬರೋದು ಸಂಜೆಗೇ.
ನಂದು ತುಳಿಯೋ ಮಿಷಿನ್ನು, ಅದಕ್ಯಾರ ಹಂಗು.

ಹನ್ನೆರಡಾಯ್ತು. ಬಿಳಿ ಅಂಗಿ, ಕೆಂಪು ಶಿಲುಬೆ.
ಭುಜಕ್ಕೆ ಅಂದ್ರಿ, ಯಾವ ಭುಜ ಅನ್ನಲಿಲ್ಲ.
ಬಲಕ್ಕೆ ಹಾಕಿವ್ನಿ,
ಕಬ್ಬಿನ ಹೊರೆ ಕೂರೋದು ಅಲ್ಲೇ ಅಲ್ವಾ.

ನಿಮ್ಮ ನಾಟಕ ಓದ್ದೆ. ಓದ್ಬಾರ್ದಿತ್ತೇನೋ.
ಕಾಜಾ ಹಾಕ್ತಾ ಹಾಕ್ತಾ ಎರಡು ಸಲ.
ಒಂಬೈನೂರು ವರ್ಷದ ಕೆಳಗೆ ಯಾವುದೋ ಬಯಲು,
ಮರದ ಅಟ್ಟ, ಅದರ ಮೇಲೆ ಆ ಸಾಮಿ
ಗಂಟಲು ಹರಿಯಂಗೆ ಕೂಗ್ತನೆ:
ಎದ್ದು ಬನ್ನಿ, ಕತ್ತಿ ತನ್ನಿ,
ಪಾಪದ ಬಾಕಿಯೆಲ್ಲ ಒಂದೇ ಗೀಟಿಗೆ ಹೊಡೆದಾಕ್ತೀನಿ,
ನಾಕು ದಿನದ ದಣಿವಿಗೆ ಮುಗಿಯದ ಕೂಲಿ.
ನಗು ಬಂತು. ನಮ್ಮ ಆಲೆಮನೆ ಮೇಸ್ತ್ರಿ
ಮುಂಗಡ ಕೊಡುವಾಗ ಥೇಟು ಇದೇ ರಾಗ.

ತಂದ ಶಿಲುಬೆ ಸಾಲ್ದೆ
ತನ್ನ ನಿಲುವಂಗಿಯನ್ನೇ ಹರಿದು ಹಂಚ್ತನೆ.
ಅಲ್ಲಿ 'ಚಪ್ಪಾಳೆ' ಅಂತ ಬರೆದಿದೀರಿ.
ನಂಗೆ ಕಂಡಿದ್ದು ಅಂಚು.
ಹರಿದ ಬಟ್ಟೆ, ಮಡಿಚಿ ಹೊಲೀದಿದ್ರೆ ನೂಲು ಬಿಡ್ತದೆ.
ಅಷ್ಟು ಸಾವಿರ ಭುಜಕ್ಕೆ
ರಾತ್ರಿಯೆಲ್ಲ ಬುಡ್ಡಿ ಹಚ್ಕಂಡು ಯಾರು ಮಡಿಚಿದ್ರು?

ಮೂರನೇ ಪುಟದಲ್ಲಿ ಒಬ್ಬ ಹೆಂಡ್ತಿ ಬತ್ತಾಳೆ.
ಹೋಗ್ಬೇಡ ಅಂತ ಚಿಲಕ ಹಾಕ್ತಾಳೆ.
ಗಂಡ ಕಿಟಕಿಯಿಂದ ಹಾರ್ತನೆ, ಸಾಮಿ ಭೇಷ್ ಅಂತನೆ.
ಆಮೇಲೆ ಅವಳಿಗೊಂದು ಮಾತೂ ಇಲ್ಲ.
ಗಾಳಿಗೆ ಬಡ್ಕತಿದ್ದ ಆ ಕಿಟಕೀನ ಮುಚ್ಚಿದ್ದಾದ್ರೂ ಬರೀಬಾರ್ದಾ?

ನಾಲೆ ತಾವ ನಾವು ಬಟ್ಟೆ ಒಗಿಯೋ ಕಲ್ಲು ನೋಡಿದೀರಾ?
ನಾಲೆ ದುರಸ್ತಿಗೆ ಅಂತ ಮಗುಚಿದ್ರೆ ಅಡೀಲೊಬ್ಬ ವೀರ.
ಕೆಳಗೆ ಕತ್ತಿ, ಕುದುರೆ. ನಡುವೆ ಇಬ್ಬರು ಹೆಂಗಸ್ರು
ಕಂಕುಳಿಗೆ ಕೈ ಕೊಟ್ಟು ಮೇಲಕ್ಕೆ ಹೊತ್ಕಂಡೋಯ್ತಾವ್ರೆ.
ಮೇಲೆ ಲಿಂಗದ ಮುಂದೆ ಆರಾಮಾಗಿ ಕೂತವ್ನೆ,
ಮೈಮೇಲೊಂದು ಗಾಯ ಇಲ್ಲ.
ನಮ್ಮಜ್ಜಿ ಕಾಲದಿಂದ ಅವನ ಬೆನ್ನಿಗೆ ಸೀರೆ ಬಡೀತಿದ್ವಿ.
ಉಳಿ ಹಿಡಿದೋನೂ ಅದೇ ಪ್ರಸಂಗ ಮಾಡವ್ನೆ ಬ್ರದರ್,
ಬಾಯಿ ಬುಡದಂಗೆ.

ಕೆಂಪು ಬಟ್ಟೆ ಪಟ್ಣದ ಕರಾಮತ್ ಸಾಬ್ರ ಅಂಗಡೀದು.
ಯಾತಕ್ಕೆ ಆರೋಗ್ಯಮ್ಮ ಅಂದ್ರು. ಶಿಲುಬೆಗೆ ಅಂದೆ.
ಹಂಗಾರೆ ಇದು ಬ್ಯಾಡ ತಡೀರಿ ಅಂತ ಒಳಗೋಗಿ
ಬಣ್ಣ ಬಿಡದೇ ಇರೋದು ತಂದ್ಕೊಟ್ರು.

ಹದಿಮೂರನೇದು ನನ್ನ ಮೊಮ್ಮಗ ಇನ್ನಾಸಿದು.
ಅಳತೆ ಹಿಡಿದ್ರೆ ಎದೆ ಉಬ್ಬಿಸಿ ಉಸಿರು ಕಟ್ದ,
ಟೇಪಿಗೆ ಎರಡಿಂಚು ಜಾಸ್ತಿ ಬಂತು.
ಎಲ್ಲಿಂದ ಬಂತು ಬ್ರದರ್ ಆ ಎರಡಿಂಚು?
ಒಂದು ವಾರ ನಿಮ್ಮ ಮಾತು ಬಾಯಿಪಾಠ ಮಾಡವ್ನೆ, ಅಷ್ಟೇ.
ಯಾರ ಮೇಲೋ ದಂಡು ಅಂದೆ. 'ಅವ್ರ ಮೇಲೆ.'
ಅವ್ರು ಅಂದ್ರೆ?
'ನನ್ ಪಾರ್ಟಲ್ಲಿ ಬರ್ದಿಲ್ಲ ಅಜ್ಜಿ.'

ಅವನದಕ್ಕೆ ಮಿಷಿನ್ ಹೊಲಿಗೆ ಹಾಕಿಲ್ಲ, ಕೈ ಟಾಕಿ.
ನಾಟಕ ಮುಗಿಯೋಗಂಟ ನಿಲ್ತದೆ.
ಆಮೇಲೆ ಒಂದು ದಾರ ಎಳೆದ್ರೆ
ಬಿಳಿ ಅಂಗಿ ಇಸ್ಕೂಲಿಗಾಯ್ತದೆ.

ಒಟ್ಟು ಇನ್ನೂರರವತ್ತು.
ಈವತ್ತಿಂದು ಈವತ್ತೇ ಕೊಟ್ಬುಡಿ ಬ್ರದರ್,
ಮುಗಿಯೋ ಕೂಲಿನೇ ಸಾಕು ನಂಗೆ.