ಗುಂಡುಸೂಜಿ ತೆಗೆದಿಟ್ಟು

ಅವಳ ಭುಜ ನನಗೆ ಗೊತ್ತು: ಹದಿನಾರೂಕಾಲು.
ತೋಳು ಇಪ್ಪತ್ತಮೂರು. ಬಲಗಡೆ ಜೇಬಿನೊಳಗೆ ಇನ್ನೊಂದು ಜೇಬು.
ಗ್ರೇಸ್ ನಕಾಟೊ, ಎರಡನೇ ವರ್ಷ, ಏಪ್ರನ್ ಎರಡು, ಅಡ್ವಾನ್ಸ್ ಇನ್ನೂರು
ಅಂತ ಅಳತೆ ಪುಸ್ತಕದಲ್ಲಿದೆ.
ಏನು ಉಣ್ಣುತ್ತಾಳೆ ಅಂತ ಬರೆದಿಲ್ಲ.
ಆ ಕಾಲಂ ನಮ್ಮಪ್ಪನ ಕಾಲದಿಂದಲೂ ಇಲ್ಲ.

'ಅಂಕಲ್, ನಮ್ಮಕ್ಕ ಹೋಟೆಲ್ ಇಟ್ಟಿದಾಳೆ, ಬನ್ನಿ' ಅಂದಳು.
ಮೂರು ಸಲ ಅಂದಳು. ಮೂರು ಸಲವೂ ನನಗೆ
ಅರ್ಜೆಂಟ್ ಕಾಜಾ ಹೊಲಿಯೋದಿತ್ತು.

ನಾಲ್ಕನೇ ಸಲ ಕರೆಂಟ್ ಹೋಗಿತ್ತು.

ವಿದ್ಯಾನಗರದಲ್ಲಿ ಜೆರಾಕ್ಸ್ ಅಂಗಡಿ ಹಿಂದೆ ತಗಡಿನ ಶೆಡ್ಡು.
ನಾಲ್ಕು ಪ್ಲಾಸ್ಟಿಕ್ ಮೇಜು, ಒಂದರ ಕಾಲಿಗೆ ಮಡಚಿದ ರಟ್ಟು.
'ಆಫ್ರಿಕಾ ಊಟ ದೊರೆಯುತ್ತದೆ' ಅಂತ ಬೋರ್ಡು ಬರೆದವನು
ಜಾಗ ಸಾಲದೆ, ಕೊನೆಯ 'ದೆ'ಯನ್ನು
ಗೋಡೆಗೆ ಹತ್ತಿಸಿದ್ದ.

ಒಲೆ ಮುಂದೆ ಬಗ್ಗಿದ ಬೆನ್ನಿಗೆ 'ಗ್ರೇಸ್' ಅಂದೆ.
ತಿರುಗಿ ನಕ್ಕಳು: ನಾನು ಬಾಬಿರ್ಯೆ, ಮೊದಲು ಹುಟ್ಟಿದವಳು.
ಅವರ ಕಡೆ ಅವಳಿಗಳಿಗೆ ಹೆಸರು
ಹುಟ್ಟೋಕೆ ಮುಂಚೆಯೇ ಹೊಲಿದಿಟ್ಟಿರುತ್ತಂತೆ, ರೆಡಿಮೇಡ್.
ಅದೇ ಭುಜ. ಆದರೆ ಬಲಕ್ಕೆ ಕಾಲಿಂಚು ಇಳಿತ:
ತಪ್ಪಲೆ ತಿರುವೋ ಭುಜ.

ತಟ್ಟೆ ಬಂತು.
ಹಬೆಯಾಡುವ ಮುದ್ದೆ, ಅರಿಶಿನ ಮುಟ್ಟಿದ ಕೈಯ ಬಣ್ಣ.
ಪಕ್ಕದಲ್ಲಿ ಶೇಂಗಾ ಸಾರು, ಮುಳುಗಿದ ಕೋಳಿ ತೊಡೆ.
'ಪೋಷೋ' ಅಂದಳು. ಪೋಷಣೆಯ ಪೋಷ ಅಂದುಕೊಂಡೆ.
ಯಾವುದರ ಹಿಟ್ಟಮ್ಮ ಇದು? ಹಡಗಲ್ಲಿ ಬರುತ್ತಾ?
'ಎಪಿಎಂಸಿಯಿಂದ ಆಟೋದಲ್ಲಿ ಬರುತ್ತೆ.
ಮೆಕ್ಕೆಜೋಳ ಅಂಕಲ್, ನಿಮ್ಮೂರದ್ದೇ.
ನಮ್ಮಲ್ಲಿ ಬಿಳಿ, ಇಲ್ಲಿ ಹಳದಿ. ಅಡ್ಜಸ್ಟ್ ಮಾಡ್ಕೊಂಡಿದೀವಿ.'

ನಮ್ಮೂರದ್ದೇ!
ಸುಗ್ಗಿಯಲ್ಲಿ ಅರ್ಧ ರಸ್ತೆಗೆ ಹರವಿದ ಮೆಕ್ಕೆಜೋಳದ ಅಂಚಲ್ಲಿ
ಮೂವತ್ತು ವರ್ಷ ಲೂನಾ ಓಡಿಸಿದ್ದೇನೆ.
ಲಾರಿಗಟ್ಟಲೆ ಕೋಳಿಫಾರಂಗೆ ಹೋಗೋದು ನೋಡಿದ್ದೇನೆ.
ಸುಟ್ಟ ತೆನೆ ಒಂದೆರಡು ಬಿಟ್ಟರೆ
ಅದು ಮನುಷ್ಯರ ತಟ್ಟೆಗೆ ಬರುತ್ತೆ ಅಂತ ತಿಳಿದಿರಲಿಲ್ಲ.
ಈಗ ತಟ್ಟೆಯಲ್ಲಿ ಕೋಳಿಯೂ ಇತ್ತು, ಕೋಳಿಯ ಊಟವೂ ಇತ್ತು,
ಮುಂದೆ ನಾನು, ಕೈ ತೊಳೆದುಕೊಂಡು.

ಹೋದ ವರ್ಷ ನೀಲಕಂಠಪ್ಪನವರು
ಸಫಾರಿ ಟ್ರಯಲ್‌ಗೆ ಬಂದು, ಕನ್ನಡಿಯಲ್ಲಿ ಹೊಟ್ಟೆ ನೋಡಿಕೊಳ್ಳುತ್ತ
ಅಂದಿದ್ದರು: 'ಆ ಅವಳಿ ಹುಡುಗೀರನ್ನ ಮನೆ ಬಿಡಿಸಿದೆ ಕಣೋ.
ಏನೇನೋ ಬೇಯಿಸ್ತಾವೆ. ವಾಸನೆ.'
ಅವರ ಪ್ಯಾಂಟಿನ ಅಂಚು ಮಡಿಸುತ್ತ ಕೆಳಗೆ ಕೂತಿದ್ದೆ,
ಬಾಯಲ್ಲಿ ಗುಂಡುಸೂಜಿ ಕಚ್ಚಿ.
ಗುಂಡುಸೂಜಿ ಕಚ್ಚಿದವನು ಮಾತಾಡುವ ಹಾಗಿಲ್ಲ.
ಹ್ಞೂಂ ಅನ್ನಬಹುದು, ಉಹ್ಞೂಂ ಅನ್ನಬಹುದು.
ನಾನು ಹ್ಞೂಂ ಅಂದಿದ್ದೆ.

ಯಾವ ವಾಸನೆ?
ಇದು ಹುರಿದ ಶೇಂಗಾದ್ದು. ನಮ್ಮನೆಯಲ್ಲಿ
ಚಟ್ನಿಪುಡಿ ಕುಟ್ಟುವ ದಿನ ಬೀದಿ ತನಕ ಬರುವಂಥದ್ದು.

ಮುರಿದೆ. ರಾಗಿಮುದ್ದೆಯ ಅಭ್ಯಾಸಕ್ಕೆ ಸೀದಾ ನುಂಗಹೋದೆ;
ಇದು ಜಾರುವ ಜಾತಿಯಲ್ಲ, ಗಂಟಲಲ್ಲಿ ನಿಂತು
ಯಾರು ನೀನು ಅಂತ ಕೇಳಿತು.
'ಅಗೀರಿ, ಅಗೀರಿ' ಅಂತ ಓಡಿಬಂದಳು.
ಉಂಡೆ ಮಾಡಿ, ಹೆಬ್ಬೆರಳು ಒತ್ತಿ
ಬೆರಳಟೋಪಿಯಷ್ಟು ಗುಳಿ ತೆಗೆದು, ಸಾರು ಮೊಗೆದು ತೋರಿಸಿದಳು.
ನನ್ನ ಮೊದಲ ಗುಳಿ ತೂತಾಗಿ ಸಾರೆಲ್ಲ ಮೊಣಕೈಗೆ.
ಎರಡನೆಯದು ನಿಂತಿತು.
ಒರಟು, ಸಪ್ಪೆ, ಆಮೇಲೆ ಎಲ್ಲೋ ಹಿಂದಿನಿಂದ ಸಿಹಿ,
ಆಮೇಲೆ ಶೇಂಗಾ ಬಂದು ಎಲ್ಲವನ್ನೂ ಕೂಡಿಸಿಕೊಂಡು ಹೋಯಿತು.

'ಹೇಗಿದೆ?'
ಚೆನ್ನಾಗಿದೆ ಅಂದುಬಿಡಬಹುದಿತ್ತು.
ಫಿಟಿಂಗ್ ಹೇಗೇ ಇರಲಿ, ಗಿರಾಕಿಗೆ ನಾನು ಅನ್ನೋದು ಅದನ್ನೇ.
ನೀರು ಕುಡಿದೆ. ಹಲ್ಲುಗಳ ಮೇಲೆ ನಾಲಗೆ ಆಡಿಸಿದೆ,
ಅಲ್ಲಿ ಲೋಹವೇನೂ ಇರಲಿಲ್ಲ.
'ಉಪ್ಪು ಒಂಚೂರು ಕಡಿಮೆ' ಅಂದೆ.

ಒಳಗಿದ್ದ ತಂಗಿಗೆ ಅವರ ಭಾಷೆಯಲ್ಲಿ ಏನೋ ಕೂಗಿದಳು.
ಇಬ್ಬರೂ ನಕ್ಕರು. ನನ್ನನ್ನೇ ಇರಬೇಕು.
ಉಪ್ಪಿನ ಬಾಟಲಿ ಬಂತು, ಮುಚ್ಚಳ ಕಳೆದು
ಬಾಯಿಗೆ ಬಟ್ಟೆ ಕಟ್ಟಿದ್ದು.
ಬಿಳಿ ಟೆರಿಕಾಟ್, ಅಡ್ಡ ಕತ್ತರಿ ಬಿದ್ದ ಚೂರು;
ಯಾರ ಕತ್ತರಿ ಅಂತ ನೋಡಿದ ಕೂಡಲೇ ಗೊತ್ತಾಯಿತು.