ಬೇಡ ಎಂದವರ ಪಟ್ಟಿ

ಶುಕ್ರವಾರ ಹನ್ನೊಂದಕ್ಕೆ ನಮ್ಮ ಕಾಗದ ಹೊರಡುತ್ತದೆ.
ಕಾಗದವೆಂದರೆ ಕಾಗದವಲ್ಲ, ಒತ್ತಿದರೆ ಹೋಗುವಂಥದ್ದು,
ಒಂಬತ್ತು ಸಾವಿರದ ನಾನೂರ ಹದಿಮೂರು ಜನಕ್ಕೆ:
ಕೂದಲೆಣ್ಣೆ, ಹಲ್ಲುಪುಡಿ, ಮಂಡಿನೋವಿಗೊಂದು ಲೇಪ.
ಕೊನೆಗೆ ಸಣ್ಣ ಅಕ್ಷರದಲ್ಲಿ ವಿಳಾಸ,
ಗಾಳಾ ಹದಿನೇಳು, ಎರಡನೇ ಮಹಡಿ,
ಬಿಸ್ಕತ್ತು ಕಾರ್ಖಾನೆಯ ಹಿಂದೆ, ಗೋರೆಗಾಂವ್ ಪೂರ್ವ.
ಅದರ ಕೆಳಗೆ, ಇರುವೆಯಷ್ಟು,
'ಈ ಕಾಗದ ಬೇಡವಾದರೆ ಇಲ್ಲಿ ಒತ್ತಿ.'

ಕಣ್ಣಿಗೆ ಕಾಣುವ ಹಾಗಾದರೂ ಇಡೋಣ ಅಂದೆ.
ದಾಮಜಿ ಶೇಠ್ ಕನ್ನಡಕ ಹಣೆಗೇರಿಸಿದರು:
"ಅಂಗಡಿಯೊಳಗೆ ಬಂದ ಗಿರಾಕಿಗೆ
ಹೊರಹೋಗುವ ಬಾಗಿಲು ತೋರಿಸುವವರುಂಟೇ?"
ಉಂಟು ಶೇಠ್. ಲೋಕಲ್ ಗಾಡಿಗೆ ಎರಡೂ ಕಡೆ ಬಾಗಿಲು,
ಇಳಿಯಬಹುದು ಅಂತಲೇ ಜನ ಹತ್ತುವುದು.

ಲ್ಯಾಮಿಂಗ್ಟನ್ ರಸ್ತೆಯಿಂದ ಒಬ್ಬ ಪೆನ್‌ಡ್ರೈವ್ ತಂದಿದ್ದ.
ನಲವತ್ತು ಸಾವಿರ ಹೆಸರು, ಮೂರೂವರೆ ಸಾವಿರ ರೂಪಾಯಿ.
ಡಾಕ್ಟರು, ವಕೀಲರು, ಹೊಸದಾಗಿ ಮದುವೆಯಾದವರು,
ಕೊತ್ತಂಬರಿ ಕಟ್ಟಿನ ಹಾಗೆ ಬೇರೆ ಬೇರೆ ಕಟ್ಟಿ.
ತಲೆಗೆ ಒಂಬತ್ತು ಪೈಸೆಯೂ ಬೀಳುವುದಿಲ್ಲ ಮೇಡಂ ಅಂದ.
ಹುಡುಕಿದರೆ ನಾನೂ ಇದ್ದೆ ಅದರಲ್ಲಿ,
ಹೊಸದಾಗಿ ಮದುವೆಯಾದವರ ಕಟ್ಟಿನಲ್ಲಿ.
ನನ್ನ ಮಗಳು ಹನ್ನೊಂದನೇ ಕ್ಲಾಸು.

ಕರೆಯದ ಮನೆಗೆ ಉಣ್ಣಲು ಹೋಗಬೇಡ ಅನ್ನುತ್ತಿದ್ದಳು ಅಜ್ಜಿ.
ಅದನ್ನೇ ಕಾನೂನು ಮಾಡಿಕೊಂಡಿದ್ದಾರೆ ಕೆನಡಾದಲ್ಲಿ,
ನಮ್ಮ ಎಣ್ಣೆ ಅಲ್ಲಿಯ ತಲೆಗಳಿಗೂ ಹೋಗುತ್ತದಲ್ಲ.
ಮೊದಲು ಕೇಳಬೇಕು. ಮೇಲಿನ ಸಾಲು ಸುಳ್ಳಾಡಬಾರದು.
ಕಳಿಸಿದವನು ಹೆಸರು ಮುಚ್ಚಿಡಬಾರದು.
ಹೋಗುತ್ತೇನೆ ಅಂದವರನ್ನು ಹತ್ತು ದಿನದೊಳಗೆ ಬಿಡಬೇಕು,
ಯಾಕೆ ಎಂದು ಕೇಳದೆ.
ಶೇಠ್ ದಂಡದ ಮೊತ್ತ ಓದಿದರು, ಸೊನ್ನೆಗಳನ್ನು ಎಣಿಸಿದರು,
ಪೆನ್‌ಡ್ರೈವ್ ವಾಪಸು ಹೋಯಿತು. ನನ್ನ ಮಾತಿಗಲ್ಲ.

ಮಂಗಳವಾರ ಮಧ್ಯಾಹ್ನ. ಲಿಫ್ಟ್ ಕೆಟ್ಟಿತ್ತು.
ಏದುಸಿರು ಬಿಡುತ್ತ ಒಬ್ಬರು ಮೆಟ್ಟಿಲು ಹತ್ತಿ ಬಂದರು,
ಕೈಯಲ್ಲಿ ಪ್ರಿಂಟ್ ತೆಗೆದ ನಮ್ಮ ಕಾಗದ,
ವಿಳಾಸದ ಕೆಳಗೆ ಕೆಂಪು ಗೆರೆ.
ವಾಸುದೇವ ಗೋಗಟೆ. ಡೊಂಬಿವಲಿಯಿಂದ, ದಾದರಿನಲ್ಲಿ ಗಾಡಿ ಬದಲಿಸಿ.
"ಇಲ್ಲಿ ಒತ್ತಿ ಅನ್ನುತ್ತೀರಿ. ನನ್ನ ಬೆರಳು ದಪ್ಪ,
ಪ್ರತಿ ಸಲ ಕೂದಲೆಣ್ಣೆಯೇ ತೆರೆದುಕೊಳ್ಳುತ್ತದೆ."
ಟೊಪ್ಪಿ ತೆಗೆದರು. "ನೋಡಿ."
ನುಣ್ಣಗೆ, ಗಾಜಿನ ಗೋಲಿ.
"ನನ್ನ ಹೆಸರು ಕೊಟ್ಟವರು ಯಾರು?"

ಯಾರು ಯಾವತ್ತು ಹೂಂ ಅಂದರೆಂದು ಪುರಾವೆ ಇಡುತ್ತೇವೆ.
ತೆಗೆದೆ: ದಾದರಿನ ಪ್ರದರ್ಶನ, ಜನವರಿ ಇಪ್ಪತ್ತಾರು,
ಪುಕ್ಕಟೆ ಬಾಟಲಿಗೆ ತುಂಬಿಕೊಟ್ಟ ಚೀಟಿ, ನೀಲಿ ಶಾಯಿ.
ಪರದೆಗೆ ಮೂಗು ತಾಗುವಷ್ಟು ಬಾಗಿದರು.
"ಇದು ನನ್ನ ಕೈಯಲ್ಲ. ಈ ಜಿ ಅಕ್ಷರ ನೋಡಿ,
ಬಾಲ ಎಡಕ್ಕೆಳೆದು ಮೇಲಕ್ಕೆ ಸುತ್ತಿದ್ದು.
ನನ್ನ ತಮ್ಮ. ಮೇಷ್ಟ್ರು ಗೆಣ್ಣಿಗೆ ಬಾರಿಸಿದರೂ ಬಿಡಲಿಲ್ಲ."
ಆಮೇಲೆ, ನನಗಲ್ಲ, ಪರದೆಗೆ ಹೇಳಿದರು:
"ಎಣ್ಣೆ ಅವನಿಗೆ, ಕಾಗದ ನನಗೆ.
ಹನ್ನೆರಡು ವರ್ಷವಾಯಿತು ಮಾತು ಬಿಟ್ಟು.
ನನ್ನ ವಿಳಾಸ ಮಾತ್ರ ಬಾಯಿಪಾಠ ಇಟ್ಟಿದ್ದಾನೆ, ಹಲ್ಕಟ್."

ಹೆಸರು ತೆಗೆದೆ, ಅವರ ಕಣ್ಣೆದುರೇ.
"ಪೂರಾ ಅಳಿಸಿದಿರಾ?"
ಇಲ್ಲ. ಅಳಿಸಿಬಿಟ್ಟರೆ, ನಾಳೆ ಮತ್ತೆ ಯಾರಾದರೂ
ನಿಮ್ಮನ್ನು ಬರೆದುಕೊಟ್ಟರೆ ನಮಗೆ ಗೊತ್ತಾಗುವುದಿಲ್ಲ.
ಬೇಡ ಎಂದವರದ್ದೂ ಒಂದು ಪಟ್ಟಿಯಿದೆ, ಅದರಲ್ಲಿ ಇರುತ್ತೀರಿ,
ನೆನಪಿಟ್ಟುಕೊಂಡೇ ಕರೆಯದಿರಬೇಕು ನಾವು.

"ನಮ್ಮ ಮನೆಯ ಹಾಗೇ" ಅಂದರು ಗೋಗಟೆ.
ನೀರು ಕುಡಿದರು. ಚೀಟಿಯದ್ದೊಂದು ಪ್ರತಿ ಬೇಕೆಂದರು.
ನಾಲ್ಕು ಮಡಿಕೆ ಮಡಚಿ ಅಂಗಿಯ ಒಳಜೇಬಿಗಿಟ್ಟು,
ಗೋಡೆ ಹಿಡಿದು ಇಳಿದುಹೋದರು.

ಈ ಶುಕ್ರವಾರ ಒಂಬತ್ತು ಸಾವಿರದ ನಾನೂರ ಹನ್ನೆರಡು.
'ಇಲ್ಲಿ ಒತ್ತಿ' ಎಂಬುದನ್ನು ದಪ್ಪ ಬೆರಳಿಗೂ ಸಿಗುವ ಹಾಗೆ
ದೊಡ್ಡದು ಮಾಡಿ ಮೇಲೆ ತಂದಿದ್ದೇನೆ.
ಶೇಠ್ ಇನ್ನೂ ನೋಡಿಲ್ಲ.