ಎಳೆದರೆ ಬಿಚ್ಚುವ ಗಂಟು

ನಲವತ್ತೊಂದು ಪಾಠ, ಹದಿನೆಂಟು ಗಂಟೆ ನನ್ನ ದನಿ.
ಬಿ.ಎ. ಎರಡನೇ ವರ್ಷದ ಇತಿಹಾಸ.
ಇಟ್ಟಿಗೆಗೂಡಿನ ಮಹಡಿ ಕೋಣೆಯಲ್ಲಿ
ಫ್ಯಾನು ಆರಿಸಿ, ಕಿಟಕಿಗೆ ಕಂಬಳಿ ಬಿಗಿದು
ಬೆವರುತ್ತ ಓದಿದ್ದು.

ಕೇಳಬೇಕಾದವಳು ಹಲಗೂರಿನ ಸಣ್ಣತಾಯಿ.
ಅವಳ ಕಣ್ಣಿಗೆ ಅಕ್ಷರವಿಲ್ಲ;
ಬೆರಳಿಟ್ಟಲ್ಲಿ ಫೋನೇ ಬಾಯಿಬಿಟ್ಟು ಹೇಳಬೇಕು
ಇದು ಕಡತ, ಇದು ಗುಂಡಿ, ಇದು ಹಿಂದಕ್ಕೆ ಹೋಗುವ ದಾರಿ.

ಬಿಡಿಬಿಡಿಯಾಗಿ ಕಳಿಸಿದರೆ
ಎಂಟು ತಲುಪುತ್ತದೆ, ಒಂಬತ್ತು ಎಲ್ಲೋ ಇಳಿದುಬಿಡುತ್ತದೆ.
ಸರಿ, ಗಂಟು ಕಟ್ಟೋಣ.

ಕಟ್ಟುವುದರಲ್ಲಿ ನನಗೊಂದು ಜಂಭ.
ಸೆವೆನ್‌ಜಡ್ ಹಾಕಿ, ಇರುವುದರಲ್ಲೇ ಬಿಗಿಯಾದ ಹಿಡಿತ ಆರಿಸಿ
ಅರ್ಧ ಗಂಟೆ ಹಿಂಡಿದೆ.
ಎಂಪಿತ್ರೀ ಅಂದರೆ ಮೊದಲೇ ಗಾಣ ಕಂಡ ಕಬ್ಬು,
ಸಿಪ್ಪೆಗೆ ಎರಡನೇ ಸಲ ರಸ ಎಲ್ಲಿಂದ ಬರಬೇಕು?
ಐನೂರ ಹದಿನೆಂಟು ಎಂಬಿ ಐನೂರ ಹನ್ನೊಂದಾಯಿತು.
ಏಳು ಉಳಿಸಿದೆ ಅಂತ ಒಂದು ಲೋಟ ಕಾಫಿ ಕುಡಿದೆ.

'ಬಂದದೆ ಕನಕ್ಕ, ಬುಚ್ಕಳಾಕಿಲ್ಲ ಅಂತದೆ.
ಯಾವ್ದೋ ಆ್ಯಪ್ ಹಾಕ್ಕೋ ಅಂತು, ಹಾಕ್ಕಂಡೆ.
ಅದರ ಒಳಗೆಲ್ಲ ಗುಂಡಿಗೆ ಹೆಸ್ರೇ ಇಲ್ಲ.
ಗುಂಡಿ, ಗುಂಡಿ, ಗುಂಡಿ ಅಂತದೆ ಅಷ್ಟೇಯ.'

ಆಮೇಲೆ ರಾರ್, ಐದು ತುಂಡು ಮಾಡಿ.
ಮೂರನೆಯದು ಮೊದಲು ತಲುಪಿ
ಅಣ್ಣಂದಿರಿಲ್ಲದೆ ಬಾಯಿ ಬಿಡೆನೆಂದು ಕೂತಿತು.
ಅವಳೂರಿನ ಜೆರಾಕ್ಸ್ ಅಂಗಡಿಯ ಮುದ್ದಯ್ಯ ನಕ್ಕ:
'ನಲವತ್ತು ದಿನ ಮುಗೀತು, ದುಡ್ಡು ಕೊಡಿ ಅಂತ
ಹತ್ತು ವರ್ಸದಿಂದ ಕೇಳ್ತಾನೆ ಅದೆ ಮೇಡಂ ಇದು.'

ನಮ್ಮವ್ವ ಗದ್ದೆಗೆ ಬುತ್ತಿ ಕಟ್ಟುತ್ತಿದ್ದದ್ದು
ಹಳೇ ಸೀರೆಯ ಚೂರಿನಲ್ಲಿ.
ಒಂದು ತುದಿ ಎಳೆದರೆ ಬಿಚ್ಚಿಕೊಳ್ಳುವ ಗಂಟು.
ಇನ್ನಷ್ಟು ಬಿಗಿ ಮಾಡಬಾರದಾ ಅಂದರೆ
'ಉಣ್ಣೋರ ಕೈ ಕೆಸರಾಗಿರ್ತದೆ ಕೂಸೆ' ಅನ್ನುತ್ತಿದ್ದಳು.
ಇಷ್ಟು ವರ್ಷ ಅದನ್ನು ಅನ್ನದ ಮಾತು ಅಂದುಕೊಂಡಿದ್ದೆ.

ಕೊನೆಗೆ ಜಿಪ್.
ಯಾವ ಫೋನಿನ ಹೊಟ್ಟೆಯಲ್ಲೂ ಅದರ ಕೀಲಿ ಇದೆ.
ಪಾಸ್‌ವರ್ಡ್ ಕಿತ್ತೆ, ಚಾಲುಕ್ಯರನ್ನು ಯಾರು ಕದ್ದೊಯ್ಯುತ್ತಾರೆ?
ನಾಲ್ಕು ಗಂಟು, ಒಂದು ಹೋದರೂ
ಮೂರು ತಮ್ಮಷ್ಟಕ್ಕೆ ಬಿಚ್ಚಿಕೊಳ್ಳುವ ಹಾಗೆ.

ಆದರೂ ತಪ್ಪಿದೆ.
ಕಡತಕ್ಕೆ ಪ್ರೀತಿಯಿಂದ ಕನ್ನಡದಲ್ಲೇ ಹೆಸರಿಟ್ಟಿದ್ದೆ, ಹೊಯ್ಸಳರು ಎಂದು;
ನನ್ನ ಹಳೇ ಕಂಪ್ಯೂಟರು ಅದನ್ನು ಏನು ಮಾಡಿತೋ,
ಅವಳ ಫೋನು ಓದಿತು:
ಪ್ರಶ್ನಾರ್ಥಕ ಚಿಹ್ನೆ, ಪ್ರಶ್ನಾರ್ಥಕ ಚಿಹ್ನೆ,
ಹೀಗೇ ಎಂಟು ಸಲ.
ಅವಳು ಎಣಿಸಿಕೊಂಡು ಹೇಳಿದಳು.

ರಾತ್ರಿ ಕೂತು ಮತ್ತೆ ಬಿಚ್ಚಿ, ಮತ್ತೆ ಕಟ್ಟಿದೆ.
ಸೊನ್ನೆ ಒಂದು, ಸೊನ್ನೆ ಎರಡು.
ಸೊನ್ನೆ ಇಲ್ಲದಿದ್ದರೆ ಒಂದರ ಬೆನ್ನಿಗೇ ಹತ್ತು ಬಂದು ನಿಲ್ಲುತ್ತದೆ,
ಸರದಿ ತಪ್ಪಿಸುವ ರೇಷನ್ ಅಂಗಡಿಯವರ ಹಾಗೆ.
ಒಳಗೇನಿದೆ, ಎಷ್ಟಿದೆ, ಯಾವುದು ಯಾವ ವಂಶ,
ಎಲ್ಲ ಬಾಯಲ್ಲೇ ಹೇಳಿ ಮೊದಲ ಕಡತ ಮಾಡಿದೆ.
ಉಳಿಸಿದ ಏಳು ಎಂಬಿ ಹೆಚ್ಚುಕಡಿಮೆ ವಾಪಸು ಬಂತು.
ಬರಲಿ.

ಭಾನುವಾರ ಫೋನು.
'ತೆರ್ಕತು ಕನಕ್ಕ. ಹದಿನಾಲ್ಕನೇದು ಮೂರು ಸತಿ ಕೇಳ್ದೆ.
ಗುರು ಹೊಯ್ ಸಳ ಅಂತಾನಲ್ಲ, ಅದೇ ಹೊತ್ತಿಗೆ
ಸಿಂಹ ಗುಡುಗ್ತದೆ. ಅದ ಹೆಂಗ್ ಹಾಕುದ್ರಿ?'

ನಾನು ಹಾಕಿರಲಿಲ್ಲ.
ಎರಡು ಬೀದಿ ಆಚೆ ಮೃಗಾಲಯದ ಗೋಡೆ,
ಇಪ್ಪತ್ತು ವರ್ಷದಿಂದ ಕೇಳೀ ಕೇಳೀ
ನನ್ನ ಕಿವಿ ಅದನ್ನು ಬಿಟ್ಟೇಬಿಟ್ಟಿದೆ.
ತೆಗೆದು ಮತ್ತೆ ಓದಿ ಕಳಿಸಲಾ ಅಂದೆ.

'ಬ್ಯಾಡ ಬುಡಿ' ಅಂದಳು, 'ಪರೀಕ್ಸೇಲಿ ಮರೆಯಾಕಿಲ್ಲ.'

ಫೋನಿಟ್ಟು ಕಂಬಳಿ ಸರಿಸಿ ಕಿಟಕಿ ತೆರೆದೆ.
ಎಷ್ಟು ಎಂಬಿ ಇತ್ತೋ ಅದು, ಆ ಸಿಂಹ.